ಹಿಮದ ನಾಡಿನಲ್ಲಿ ಎಂಜಿನ್ ಚಾಲನೆ

ಶ್ರೀಗಂಧದ ಕಾವಲಿನಲ್ಲಿ ಪುಷ್ಯ ಮಾಸದ ಮುಂಜಾನೆ ಸ್ಕೂಟರು ಚಾಲೂ ಆಗಲು ಕೊಂಚ ಸತಾಯಿಸುವುದನ್ನು ನೀವು ಕಂಡಿರಬಹುದು. ಬೆಂಗಳೂರಿನ ಚಳಿಯ ಪ್ರತಾಪ ಅಷ್ಟೇ. ಇಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ಇದೇ ಊರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1958ರಲ್ಲಿ ಹಾರಿಸಿದ ಎರಡು ಆಸನದ 'ಪುಷ್ಪಕ್' ವಿಮಾನಕ್ಕೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಇತ್ತು. ಉಷ್ಣತೆ ಶೂನ್ಯಕ್ಕಿಂತ ಸುಮಾರು 7 ಡಿಗ್ರಿ ಕೆಳಗಿಳಿದರೆ ಚಾಲನೆಗೆ ಮುನ್ನ ಎಂಜಿನ್ ಬಿಸಿ ಮಾಡಿಕೊಳ್ಳಿ ಎಂಬುದು ಆ ಎಂಜಿನ್ ತಯಾರಕರ ಸಲಹೆ. ಬೆಂಗಳೂರಿನಲ್ಲಿ ಆ ಪ್ರಸಂಗವೇ ಬರಲಿಲ್ಲ.

ಹಾಗೆ ಬಿಸಿ ಮಾಡುವುದೇಕೆ? ತೈಲ ಗಟ್ಟಿಯಾಗುತ್ತದೆ, ಪೆಟ್ರೋಲು ಆವಿಯಾಗದು, ಬ್ಯಾಟರಿ ಸೊರಗುತ್ತದೆ. ಇವು ನೀವು ಊಹಿಸಬಲ್ಲ ಕಾರಣಗಳು. ಊಹಿಸಲಾರದ್ದು ಇನ್ನೊಂದಿದೆ. ಎಂಜಿನ್ನಿನ ಕವಚ ಅಲ್ಯೂಮಿನಿಯಮ್ಮಿನದು, ಒಳಗೆ ತಿರುಗುವ ದಂಡ ಉಕ್ಕಿನದು. ಉಕ್ಕಿಗಿಂತ ಅಲ್ಯೂಮಿನಿಯಮ್ ಸುಮಾರು ಎರಡರಷ್ಟು ಕುಗ್ಗುವುದರಿಂದ ಬೇರಿಂಗು ದಂಡವನ್ನು ಬಿಗಿಹಿಡಿಯುತ್ತದೆ. ತೈಲ ಅಲ್ಲಿಗೆ ತಲುಪುವ ಮುನ್ನವೇ ಲೋಹ ಲೋಹವನ್ನು ಉಜ್ಜುತ್ತದೆ. ಆ ಗಾಯ ಅಂದು ಕಾಣದೆ, ಮುಂದೊಂದು ದಿನ ಆಕಾಶದಲ್ಲಿ ಕಾಣಬಹುದು.

ಅಲಾಸ್ಕಾದ ಹಳೆಯ ಪೈಲಟ್ಟರು ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಅಡುಗೆಮನೆಯದೇ. ಇಳಿದೊಡನೆ ತೈಲವನ್ನು ಡಬ್ಬಕ್ಕೆ ಬಸಿದು ಮನೆಯೊಳಗೊಯ್ದು, ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ತರುತ್ತಿದ್ದರು. ಎಂಜಿನ್ನಿಗೆ ದಪ್ಪ ಬಟ್ಟೆ ಹೊದಿಸಿ ಕೆಳಗೆ ಸ್ಟವ್ ಹಚ್ಚುತ್ತಿದ್ದರು. ಬಟ್ಟೆಗೆ ಬೆಂಕಿ ತಗುಲಿದರೆ ವಿಮಾನವೇ ಹೋಯಿತು! ಎರಡನೆಯ ಮಹಾಯುದ್ಧದಲ್ಲಿ ತೈಲಕ್ಕೆ ಪೆಟ್ರೋಲು ಬೆರೆಸಿ ತೆಳುಮಾಡುವ ಕ್ರಮವೂ ಇತ್ತು. ಇಂದು ವಿದ್ಯುತ್ ಇರುವೆಡೆ ತೈಲದ ತೊಟ್ಟಿಗೂ ಸಿಲಿಂಡರುಗಳಿಗೂ ಅಂಟಿಸುವ ವಿದ್ಯುತ್ ತಾಪಕಗಳು, ಇಲ್ಲದೆಡೆ ಬಿಸಿಗಾಳಿ ಊದುವ ಯಂತ್ರ. ತೈಲವೊಂದನ್ನೇ ಬಿಸಿ ಮಾಡಿದರೆ ಸಾಲದು, ಬೇರಿಂಗಿಗೂ ಶಾಖ ಮುಟ್ಟಬೇಕು. ನನ್ನ ಮಟ್ಟಿಗೆ, ಯಾವುದನ್ನು ಕೊಳ್ಳಬೇಕೆನ್ನುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಭಾರತಕ್ಕೆ ಈ ಪಾಠ ಕಲಿಸಿದ ಊರುಗಳಲ್ಲಿ ಲೇಹ್ ಮುಖ್ಯವಾದುದು. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅಲ್ಲಿ ಮೊದಲ ಬಾರಿಗೆ ಡಕೋಟಾ ಇಳಿಸಿದಾಗ, ಜೊತೆಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಮುತ್ತಿಗೆಯ ಭೀತಿಯಲ್ಲಿದ್ದ ಲೇಹ್‌ಗೆ ಸೈನಿಕರನ್ನು ವಿಮಾನದಲ್ಲೇ ತಲುಪಿಸಬೇಕಿತ್ತು. ಅಂಥ ಗಡಿ ನಿಲ್ದಾಣದಲ್ಲಿ ಬೆಳಗಾದ ಮೇಲೆ ಗಂಟೆಗಟ್ಟಲೆ ಎಂಜಿನ್ ಕಾಯಿಸುತ್ತ ಕೂರಲಾಗದು.

ಆದ್ದರಿಂದ ಬೆಂಗಳೂರಿನಲ್ಲಿ ರೂಪುಗೊಂಡ ಪುಟ್ಟ ಯುದ್ಧವಿಮಾನ 'ತೇಜಸ್'ಗೆ ಬೇರೆಯೇ ದಾರಿ ಹಿಡಿದರು. ಇದು ಜೆಟ್, ದೊಡ್ಡ ಎಂಜಿನ್ನನ್ನು ತಿರುಗಿಸಲು ಒಳಗೊಂದು ಮರಿ ಎಂಜಿನ್ ಇದೆ. ಎಚ್‌ಎಎಲ್ ತಯಾರಿಸಿದ ಆ ಚಾಲಕದ ನಿಯಂತ್ರಣವನ್ನೇ ಚಳಿಗೆ ತಕ್ಕಂತೆ ತಿದ್ದಿದರು. 2015ರ ಚಳಿಗಾಲದಲ್ಲಿ ಲೇಹ್‌ನ ಬಯಲಿನಲ್ಲಿ ವಿಮಾನವನ್ನು ರಾತ್ರಿಯಿಡೀ ನಿಲ್ಲಿಸಿ, ಹೊರಗಿನ ಶಾಖವಾಗಲಿ ನೆರವಾಗಲಿ ಇಲ್ಲದೆ ಬೆಳಿಗ್ಗೆ ಚಾಲೂ ಮಾಡಿದರು. ಒಮ್ಮೆಯಲ್ಲ, ಮೂರು ಬಾರಿ. ಬ್ಯಾಟರಿ ಪೂರ್ತಿ ತುಂಬಿದ್ದಾಗಲೂ, ಅರೆಬರೆ ಇದ್ದಾಗಲೂ.