ಕಾಂತೀಯ ತನುಪಟಲಗಳು: ಬೆಂಗಳೂರಿನ ಮ್ಯಾಂಗನೈಟ್ ಸಂಶೋಧನೆಯ ಇತಿಹಾಸ

ಪರಮಾಣುಗಳ ಕೆಲವೇ ಸ್ತರಗಳಿಂದ ಮೊದಲುಗೊಂಡು ಸುಮಾರು ಒಂದು ಮೈಕ್ರೋಮೀಟರಿನವರೆಗೆ ದಪ್ಪವಿದ್ದು, ಆಧಾರಫಲಕವೊಂದರ ಮೇಲೆ ನೆಲೆಗೊಳಿಸಿದ, ಕಾಂತಗುಣವುಳ್ಳ ಲೋಹದ ಅಥವಾ ಆಕ್ಸೈಡಿನ ಪೊರೆಗೆ ಕಾಂತೀಯ ತನುಪಟಲವೆಂದು ಹೆಸರು. ರಾಯಚೂರು ಜಿಲ್ಲೆಯ ಮಲ್ಲಟ, ಮಾನ್ವಿ, ದೇವದುರ್ಗಗಳ ಕಡೆಯ ಸಂತೆ ಜಾತ್ರೆಗಳಲ್ಲಿ ಒಂದು ಕಾಲಕ್ಕೆ ಕೈಯಿಂದ ಕೈಗೆ ಸಾಗುತ್ತಿದ್ದ ಭಜನೆ, ತತ್ತ್ವಪದಗಳ ಕ್ಯಾಸೆಟ್ಟಿನ ಕಂದುಪಟ್ಟಿ ಈ ಜಾತಿಗೆ ಸೇರಿದ್ದಲ್ಲ. ಅದರ ಮೇಲಿರುವುದು ಅಂಟಿನಲ್ಲಿ ಕಲಸಿದ ಆಕ್ಸೈಡಿನ ಪುಡಿ. ತನುಪಟಲದಲ್ಲಾದರೋ ಪರಮಾಣುಗಳೇ ಸಾಲುಗೂಡಿ ಸ್ಫಟಿಕವಾಗಿ ಬೆಳೆಯುವುವು.

1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್ಟ್ ಮತ್ತು ಜರ್ಮನಿಯ ಪೀಟರ್ ಗ್ರ್ಯೂನ್‌ಬರ್ಗ್ ಇವರು, ಕಬ್ಬಿಣ ಮತ್ತು ಕ್ರೋಮಿಯಮ್ ಪದರಗಳನ್ನು ಒಂದರ ಮೇಲೊಂದಿರಿಸಿ, ಕಾಂತಕ್ಷೇತ್ರದಲ್ಲಿ ಅವುಗಳ ವಿದ್ಯುದ್ರೋಧ ಗಣನೀಯವಾಗಿ ಕುಗ್ಗುವುದನ್ನು ಪ್ರತ್ಯೇಕವಾಗಿ ಕಂಡುಹಿಡಿದರು. 2007ರ ನೊಬೆಲ್ ಬಹುಮಾನ ಇದಕ್ಕೆ ಸಂದಿತು. ಬೆಂಗಳೂರಿನ ವಿಜ್ಞಾನಿಗಳ ಕೆಲಸ ಈ ಲೋಹಮಾರ್ಗವನ್ನು ಬಿಟ್ಟು ಮ್ಯಾಂಗನೈಟುಗಳೆಂಬ ಮ್ಯಾಂಗನೀಸ್ ಆಕ್ಸೈಡುಗಳ ಹಳೆಯ ಹಾದಿಯನ್ನು ಹಿಡಿಯಿತು.

ಆ ಹಾದಿಯನ್ನು 1950ರಲ್ಲಿ ತೆರೆದವರು ಹಾಲೆಂಡಿನ ಯೋಂಕರ್ ಮತ್ತು ವಾನ್ ಸಾಂಟೆನ್. ಲ್ಯಾಂಥನಮ್ ಮ್ಯಾಂಗನೈಟಿನಲ್ಲಿ ಲ್ಯಾಂಥನಮ್ಮಿನ ಒಂದಂಶವನ್ನು ತೆಗೆದು ಕ್ಯಾಲ್ಸಿಯಮ್ ಅಥವಾ ಸ್ಟ್ರಾನ್ಷಿಯಮ್ಮನ್ನು ಸೇರಿಸಿದರೆ, ಮೂರು ಧನಾವೇಶದ ಮ್ಯಾಂಗನೀಸ್ ಅಯಾನುಗಳ ನಡುವೆ ನಾಲ್ಕು ಧನಾವೇಶದವೂ ತಲೆದೋರಿ, ಎಲೆಕ್ಟ್ರಾನು ಆಮ್ಲಜನಕದ ಮೂಲಕ ಒಂದರಿಂದ ಇನ್ನೊಂದಕ್ಕೆ ಸರಿಯತೊಡಗುತ್ತದೆ. ಎರಡೂ ಅಯಾನುಗಳ ಗಿರಕಿ (ಸ್ಪಿನ್) ಒಂದೇ ದಿಕ್ಕಿಗಿದ್ದಾಗ ಈ ಸರಿತ ಸುಲಭ, ವಿರುದ್ಧ ದಿಕ್ಕಿಗಿದ್ದಾಗ ದುಸ್ಸಾಧ್ಯ ಎಂಬುದು 1951ರಲ್ಲಿ ಜೀನರ್ ಮಂಡಿಸಿದ ಸಿದ್ಧಾಂತ. ಆದುದರಿಂದ ಹೊರಗಿನ ಕಾಂತಕ್ಷೇತ್ರ ಗಿರಕಿಗಳನ್ನು ಸಾಲುಗೂಡಿಸಿದೊಡನೆ ರೋಧ ಇಳಿಯುವುದು. 1994ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಜಿನ್ ಮತ್ತು ಸಂಗಡಿಗರು ಲ್ಯಾಂಥನಮ್-ಕ್ಯಾಲ್ಸಿಯಮ್ ಮ್ಯಾಂಗನೈಟಿನ ಪಟಲದಲ್ಲಿ, 77 ಕೆಲ್ವಿನ್ ತಾಪದಲ್ಲಿ 6 ಟೆಸ್ಲಾ ಕ್ಷೇತ್ರವನ್ನು ಪ್ರಯೋಗಿಸಿ, ಸಾವಿರ ಪಟ್ಟಿಗೂ ಮಿಗಿಲಾದ ವ್ಯತ್ಯಾಸವನ್ನು ಕಂಡರು. ಆದರೆ ಕಾಂತಕ್ಷೇತ್ರ ಅಷ್ಟು ಪ್ರಬಲವಾಗಿರಬೇಕಾದುದರಿಂದ ಕಂಪ್ಯೂಟರಿನ ಡಿಸ್ಕುಗಳಿಗೆ ಇದು ಒದಗಲಿಲ್ಲ. ಅಲ್ಲಿ ಗೆದ್ದದ್ದು ಲೋಹದ ಪದರಗಳೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಘನಸ್ಥಿತಿ ಮತ್ತು ರಾಚನಿಕ ರಸಾಯನ ವಿಭಾಗವನ್ನು ಕಟ್ಟಿದ ಸಿ. ಎನ್. ಆರ್. ರಾವ್ ಅವರಿಗೆ ಇಂತಹ ಆಕ್ಸೈಡುಗಳು ಹಳೆಯ ಪರಿಚಯದವು. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿಯೂ ಕೆಲಸ ನಡೆಸುತ್ತಿದ್ದ ಅವರೊಂದಿಗೆ, ಸಂಸ್ಥೆಯ ಭೌತವಿಜ್ಞಾನಿ ಎ. ಕೆ. ರಾಯ್‌ಚೌಧುರಿ ಅವರು ಮ್ಯಾಂಗನೈಟುಗಳ ರೋಧ ಮತ್ತು ಕಾಂತತ್ವಗಳ ಮಾಪನಕ್ಕೆ ತೊಡಗಿದರು. ಇವರೂ ಇವರ ಶಿಷ್ಯರೂ 1996ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೇಖಕನ ಎಣಿಕೆಯಲ್ಲಿ ಇವೆಲ್ಲಕ್ಕಿಂತ ಬೋಧಪ್ರದವಾದದ್ದು: ಒಂದೇ ಸಂಯೋಜನೆಯ ಪದಾರ್ಥದಲ್ಲಿಯೂ ಕಣಗಳು ಕಿರಿದಾದಂತೆ ಕಾಂತತ್ವ ಅಳಿಯುವ ತಾಪ ತಗ್ಗುತ್ತದೆ, ರೋಧ ಏರುತ್ತದೆ, ಆದರೂ ಕಡಿಮೆ ತಾಪದಲ್ಲಿ ಕಾಂತರೋಧ, ಎಂದರೆ ಕಾಂತಕ್ಷೇತ್ರದಿಂದ ರೋಧ ಬದಲಾಗುವ ಗುಣ, ಉಳಿದುಕೊಳ್ಳುತ್ತದೆ, ಕಣಕಣಗಳ ನಡುವಣ ಎಲ್ಲೆಗಳಿಗೂ ಅದರಲ್ಲಿ ಪಾಲುಂಟು. ಪಾಕ ಬದಲಾದರೆ ಭೌತಗುಣವೂ ಬದಲಾಗುವುದೆಂಬುದನ್ನು, ಸೂತ್ರಗಳನ್ನೇ ನೆಚ್ಚಿದ ಭೌತವಿಜ್ಞಾನಿಗಳು ಅನೇಕ ವೇಳೆ ಮರೆಯುವುದುಂಟು.

ಪಟಲಗಳ ತಯಾರಿಕೆಯಲ್ಲಿ ಇಲ್ಲಿ ಬಳಕೆಯಾದ ಒಂದು ವಿಧಾನ ದುಬಾರಿ ಲೇಸರನ್ನು ಬೇಡುವುದಿಲ್ಲ. ಲೋಹಗಳ ಲವಣಗಳನ್ನು ಕರಗಿಸಿದ ದ್ರಾವಣವನ್ನು ಶ್ರವಣಾತೀತ ಧ್ವನಿಯಿಂದ ಮಂಜಿನಂತೆ ಎಬ್ಬಿಸಿ, ಅನಿಲಪ್ರವಾಹದಲ್ಲಿ ಕಾದ ಫಲಕದೆಡೆಗೆ ಒಯ್ದರೆ, ಹನಿಗಳು ಅಲ್ಲಿಯೇ ವಿಘಟಿಸಿ ಆಕ್ಸೈಡಿನ ಪೊರೆಯಾಗುವುವು. ಪಟಲಗಳಲ್ಲಿ ಕಂಡುಬಂದ ಒಂದು ಫಲಿತಾಂಶವನ್ನು ಇಲ್ಲಿ ಹೇಳಬೇಕು. ನಿಯೋಡಿಮಿಯಮ್ ಮತ್ತು ಕ್ಯಾಲ್ಸಿಯಮ್ ಸಮಪಾಲಾಗಿರುವ ಮ್ಯಾಂಗನೈಟಿನಲ್ಲಿ ಎರಡು ಬಗೆಯ ಮ್ಯಾಂಗನೀಸ್ ಅಯಾನುಗಳು ಸರದಿಯಂತೆ ಸ್ಥಾನ ಹಿಡಿದು ಎಲೆಕ್ಟ್ರಾನಿನ ಚಲನೆಯನ್ನೇ ತಡೆದುಬಿಡುವುವು. ಈ ಕಟ್ಟನ್ನು ಸಡಿಲಿಸಲು ಅತಿಪ್ರಬಲವಾದ ಕಾಂತಕ್ಷೇತ್ರ ಬೇಕು. ಅದೇ ಪದಾರ್ಥದ ತನುಪಟಲಕ್ಕೆ ಸಾಕಷ್ಟು ವಿದ್ಯುತ್‌ಕ್ಷೇತ್ರವನ್ನು ಹಾಯಿಸಿದೊಡನೆ ಕಟ್ಟು ಕಳಚಿ, ವಿದ್ಯುತ್ತನ್ನು ತಡೆಯುತ್ತಿದ್ದುದೇ ಲೋಹದಂತೆ ಹರಿಯಗೊಡುವುದೆಂದು ರಾವ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ವರದಿಮಾಡಿದರು. ಮುಂದೆ ರಾಯ್‌ಚೌಧುರಿಯವರು ಕೊಲ್ಕತ್ತದ ಸತ್ಯೇಂದ್ರನಾಥ ಬೋಸ್ ರಾಷ್ಟ್ರೀಯ ಮೂಲವಿಜ್ಞಾನ ಕೇಂದ್ರದ ನಿರ್ದೇಶಕರಾದರು.