ಕ್ಯಾಲಿಕೊ ಬೆಕ್ಕು
ಬಿಳಿ ಮೈಯಲ್ಲಿ ಕಿತ್ತಳೆ ಹಾಗೂ ಕಪ್ಪು ಮಚ್ಚೆಗಳಿರುವ ಸಾಕುಬೆಕ್ಕನ್ನು ಕ್ಯಾಲಿಕೊ ಎನ್ನುತ್ತಾರೆ. ಇದು ತಳಿಯ ಹೆಸರಲ್ಲ, ತುಪ್ಪಳದ ವರ್ಣವಿನ್ಯಾಸದ ಹೆಸರು. ಬಿಳಿ ಇಲ್ಲದೆ ಉಳಿದೆರಡು ಬಣ್ಣಗಳು ಬೆರೆತಿದ್ದರೆ ಅದು ಟಾರ್ಟಾಯ್ಸ್‌ಶೆಲ್.

ಕಿತ್ತಳೆ ಬಣ್ಣವನ್ನು ನಿರ್ಧರಿಸುವ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣು ಭ್ರೂಣದ ಪ್ರತಿಯೊಂದು ಜೀವಕೋಶದಲ್ಲಿ ಎರಡು ಎಕ್ಸ್‌ಗಳ ಪೈಕಿ ಒಂದು ಯಾದೃಚ್ಛಿಕವಾಗಿ ನಿಷ್ಕ್ರಿಯಗೊಳ್ಳುತ್ತದೆ. ಮೇರಿ ಲಿಯಾನ್ 1961ರಲ್ಲಿ ಈ ಸಿದ್ಧಾಂತವನ್ನು ಮಂಡಿಸಿದರು. ಕಿತ್ತಳೆಯ ಎಕ್ಸ್ ಸಕ್ರಿಯವಾಗಿರುವೆಡೆ ಕಿತ್ತಳೆ, ಇನ್ನೊಂದು ಸಕ್ರಿಯವಾಗಿರುವೆಡೆ ಕಪ್ಪು ಮೂಡುತ್ತದೆ. ಬಿಳಿಗೆ ಕಾರಣ ಬೇರೊಂದು ವಂಶವಾಹಿ. ಗಂಡಿಗೆ ಒಂದೇ ಎಕ್ಸ್ ಇರುವುದರಿಂದ ಕ್ಯಾಲಿಕೊಗಳು ಬಹುತೇಕ ಹೆಣ್ಣುಗಳೇ. ಅಪರೂಪದ ಗಂಡುಗಳಲ್ಲಿ ಸಾಮಾನ್ಯವಾಗಿ ಹೆಚ್ಚುವರಿ ಎಕ್ಸ್ ಇದ್ದು, ಅವಕ್ಕೆ ಸಂತಾನಶಕ್ತಿ ಇರುವುದಿಲ್ಲ.

ಮಚ್ಚೆಗಳ ಹಂಚಿಕೆಯನ್ನು ನಕಲು ಮಾಡಲಾಗದು. 2001ರಲ್ಲಿ ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದಲ್ಲಿ ಜನಿಸಿದ ಮೊದಲ ತದ್ರೂಪಿ ಬೆಕ್ಕು ‘ಸಿಸಿ’ಯ ಮೂಲ ‘ರೇನ್‌ಬೋ’ ಎಂಬ ಕ್ಯಾಲಿಕೊ. ಆದರೆ ಸಿಸಿಯ ಮೈಯಲ್ಲಿ ಕಿತ್ತಳೆ ಬಣ್ಣವೇ ಇರಲಿಲ್ಲ.