ಕಲ್ಲಿಗೆ ಅಂಟಿಕೊಂಡ ಕತೆಗಳು

ದೆವ್ವದ ಕತೆಗೆ ಯಾವಾಗಲೂ ಒಂದು ವಿಳಾಸವಿರುತ್ತದೆ. 'ಒಂದಾನೊಂದು ಊರಿನಲ್ಲಿ' ಎಂದು ಆರಂಭವಾಗುವ ಅಡಗೂಲಜ್ಜಿಯ ಕತೆ ಎಲ್ಲಿ ಬೇಕಾದರೂ ನಡೆಯಬಹುದು. ಆದರೆ ದೆವ್ವದ ಕತೆ ಹೇಳುವವರು ಯಾವ ಹಳ್ಳ, ಯಾವ ಹುಣಸೆಮರ, ಯಾವ ಹಾಳುಬಾವಿ ಎಂಬುದನ್ನು ಮೊದಲೇ ತಿಳಿಸುತ್ತಾರೆ. ಕಂಡವರು ತಮಗೆ ಏನಾಗಬೇಕು ಎಂಬುದನ್ನೂ ಸೇರಿಸುತ್ತಾರೆ. ಕೇಳುವವರು ನಂಬಲಿ ಬಿಡಲಿ, ನಡೆದದ್ದೆಂದೇ ಅದನ್ನು ಹೇಳಲಾಗುತ್ತದೆ. ಜಾನಪದ ವಿದ್ವಾಂಸರು ಮೊದಲನೆಯದನ್ನು ಜನಪದ ಕತೆ ಎಂದೂ ಎರಡನೆಯದನ್ನು ಐತಿಹ್ಯ ಎಂದೂ ಬೇರ್ಪಡಿಸುವುದು ಈ ಕಾರಣಕ್ಕೇ.

ವಿಳಾಸ ಅಳಿಸಿದರೆ ಐತಿಹ್ಯವೂ ಅರ್ಧ ಸತ್ತಂತೆ. ಈ ಮಾತಿಗೆ ಯಾದಗಿರಿ, ಶಹಾಪುರ, ಸುರಪುರ ಸೀಮೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಸತ್ತವರ ಬಗೆಗೆ ಜನರಾಡುವ ಮಾತು ಇಲ್ಲಿ ಬರಹಕ್ಕೆ ಇಳಿದು ನೂರೆಪ್ಪತ್ತು ವರ್ಷಗಳೇ ಕಳೆದಿವೆ. ಅದನ್ನು ಬರೆದುಕೊಂಡವನು ಕತೆ ಹುಡುಕಿಕೊಂಡು ಬಂದವನಲ್ಲ.

ಕುಳ್ಳರ ಮನೆಗಳು

ಫಿಲಿಪ್ ಮೆಡೋಸ್ ಟೇಲರ್ ನಿಜಾಮ ಸರ್ಕಾರದ ಅಧಿಕಾರಿಯಾಗಿ ಸುರಪುರಕ್ಕೆ ಬಂದದ್ದು 1841ರಲ್ಲಿ. ಪಟ್ಟಕ್ಕೆ ಬರಬೇಕಿದ್ದ ವೆಂಕಟಪ್ಪ ನಾಯಕ ಆಗಿನ್ನೂ ಬಾಲಕ. 1853ರವರೆಗೆ ಸಂಸ್ಥಾನದ ಉಸ್ತುವಾರಿ ನೋಡಿಕೊಂಡ ಟೇಲರ್‌ಗೆ ಕಾದಂಬರಿ ಬರೆಯುವಷ್ಟೇ ಆಸಕ್ತಿ ಹಳೆಯ ಕಲ್ಲುಗಳ ಮೇಲೂ ಇತ್ತು. ಈಗ ಹುಣಸಗಿ ತಾಲ್ಲೂಕಿಗೆ ಸೇರಿರುವ ರಾಜನಕೋಳೂರಿನ ಕಲ್ಮನೆಗಳು, ಶಹಾಪುರ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟಿರುವ ಬಂಡೆಗಳು, ಭೀಮಾ ತೀರದ ಜೇವರ್ಗಿಯ ಕಲ್ಗುಪ್ಪೆಗಳು, ಇವೆಲ್ಲವನ್ನೂ ಅಳೆದು, ಚಿತ್ರ ಬರೆದು, 1850ರ ದಶಕದ ಆರಂಭದಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದ.

ಈ ಕಲ್ಮನೆಗಳನ್ನು ಜನ 'ಮೋರಿ ಮನೆ' ಎನ್ನುತ್ತಾರೆಂದು ಟೇಲರ್ ದಾಖಲಿಸಿದ್ದಾನೆ. ಅಲ್ಲಿ ಬಹಳ ಹಿಂದೆ ಮೋರಿಗಳೆಂಬ ಕುಳ್ಳ ಜನ ಇದ್ದರಂತೆ. ಗಾತ್ರದಲ್ಲಿ ಚಿಕ್ಕವರಾದರೂ ಅವರ ಬಲ ಅಸಾಧಾರಣವಂತೆ. ಈ ಕತೆ ಸುರಪುರಕ್ಕಷ್ಟೇ ಸೀಮಿತವಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲಿರುವ ಇಂಥವೇ ನೂರಾರು ರಚನೆಗಳಿಗೂ ಮೋರ್ಯರ ಹೆಸರೇ ಇದೆ. 2021ರಲ್ಲಿ ಆ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಈ ಕತೆಯ ಹಿಂದೆ ಸರಳವಾದ ತರ್ಕ ಕಾಣುತ್ತದೆ. ನಾಲ್ಕು ಬದಿ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ರಚನೆ. ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಅಷ್ಟು ಕಿರಿದಾದ ಬಾಗಿಲಲ್ಲಿ ಹೋಗಿಬರುತ್ತಿದ್ದವರು ಕುಳ್ಳರೇ ಇರಬೇಕು. ಅಷ್ಟು ಭಾರದ ಕಲ್ಲು ಎತ್ತಿದವರು ಬಲಶಾಲಿಗಳೇ ಇರಬೇಕು.

ಸಾಹೇಬನ ಕತೆ

ಜೇವರ್ಗಿಯ ಕಲ್ಗುಪ್ಪೆಗಳನ್ನು ಟೇಲರ್ ಅಗೆಸಿದಾಗ ಒಳಗೆ ಮಡಕೆಗಳೂ ಅಸ್ಥಿಪಂಜರಗಳೂ ಸಿಕ್ಕವು. ಕೆಲವು ಪಂಜರಗಳ ತಲೆ ಬೇರೆಯಾಗಿತ್ತು. ಇದು ನರಬಲಿಯೇ ಇರಬೇಕೆಂದು ಅವನು ಊಹಿಸಿದ. ಇಂಗ್ಲೆಂಡಿನ ಪ್ರಾಚೀನ ಕಲ್ಗೋರಿಗಳಿಗೂ ಇವಕ್ಕೂ ಇರುವ ಹೋಲಿಕೆ ಕಂಡು, ಮಧ್ಯ ಏಷ್ಯದ ಸಿಥಿಯನ್ನರನ್ನೂ ಬ್ರಿಟನ್ನಿನ ಡ್ರೂಯಿಡ್ ಪುರೋಹಿತರನ್ನೂ ಜೋಡಿಸಿ 'ಸಿಥೋ-ಡ್ರೂಯಿಡ್ ಅವಶೇಷ' ಎಂದು ಕರೆದ.

ಇಂದಿನ ಪುರಾತತ್ವಜ್ಞರು ಈ ಎರಡು ಕತೆಗಳನ್ನೂ ಒಪ್ಪುವುದಿಲ್ಲ. ಇವನ್ನು ಕಟ್ಟಿದವರು ಕುಳ್ಳರೂ ಅಲ್ಲ, ಡ್ರೂಯಿಡರೂ ಅಲ್ಲ. ಕಬ್ಬಿಣ ಬಳಸುತ್ತಿದ್ದ ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಜನ. ವಿಭೂತಿಹಳ್ಳಿಯ ಕಲ್ಲುಸಾಲುಗಳಿಗಂತೂ ಮೂರನೆಯ ವಿವರಣೆಯೂ ಬಂದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ 1990ರ ದಶಕದಲ್ಲಿ ಅವನ್ನು ಪರಿಶೀಲಿಸಿ, ಅವು ಸೂರ್ಯನ ಉದಯಾಸ್ತಗಳ ದಿಕ್ಕನ್ನು ಗುರುತಿಸುತ್ತವೆ ಎಂದು ವಾದಿಸಿದರು.

ಹಳ್ಳಿಯವರ ವಿವರಣೆ ತಪ್ಪಾದರೂ ಗುರುತು ತಪ್ಪಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಈ ಕಲ್ಲು ತಾನಾಗಿ ಬಿದ್ದದ್ದಲ್ಲ, ನಮಗಿಂತ ಹಿಂದಿನ ಯಾರೋ ಇಟ್ಟದ್ದು ಎಂಬ ಅರಿವನ್ನು ಕತೆ ಉಳಿಸಿಕೊಂಡು ಬಂದಿತ್ತು. ಹಂಪಿಯ ಹತ್ತಿರದ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಇಂಥ ದಿಬ್ಬಗಳು ಸುಟ್ಟ ಸಗಣಿಯವೆಂದೂ ನವಶಿಲಾಯುಗದ ದನಗಾಹಿಗಳವೆಂದೂ ಉತ್ಖನನಗಳು ತೋರಿಸಿವೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ನಡೆಸಿದ ಉತ್ಖನನ ಅವುಗಳಲ್ಲಿ ಪ್ರಮುಖವಾದುದು. ಅಲ್ಲಿ ಊರಿನ ಹೆಸರೇ ಬೂದಿಯನ್ನು ನೆನಪಿಟ್ಟುಕೊಂಡಿತ್ತು.

ಬರೆದುಕೊಳ್ಳುವ ಎರಡು ಬಗೆ

ಟೇಲರ್ ದಾಖಲಿಸಿದ ಮತ್ತೊಂದು ಸಾವಿನ ಕತೆಯೂ ಇದೆ. ವೆಂಕಟಪ್ಪ ನಾಯಕ 24ನೆಯ ವಯಸ್ಸು ದಾಟಲಾರನೆಂದು ಜಾತಕ ನುಡಿದಿತ್ತಂತೆ. ಆ ಗುಟ್ಟನ್ನು ರಾಜಮಾತೆಯೂ ಮನೆತನದ ಶಾಸ್ತ್ರಿಯೂ ತನಗೆ ತಿಳಿಸಿದ ಸಂದರ್ಭವನ್ನು ಅವನು ಆತ್ಮಕಥೆಯಲ್ಲಿ ವಿವರವಾಗಿ ಬರೆದ. 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾದ ರಾಜ, ಹೈದರಾಬಾದಿನಿಂದ ಸಾಗಿಸುತ್ತಿದ್ದಾಗ ಪಿಸ್ತೂಲಿನ ಗುಂಡಿಗೆ ಬಲಿಯಾದ. ಟೇಲರ್ ಸತ್ತ ಮರುವರ್ಷ, 1877ರಲ್ಲಿ, ಆ ಪುಸ್ತಕ ಹೊರಬಂದಿತು.

ಈ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟರೆ ಸಂಗ್ರಹದ ಪಾಠವೇ ಸಿಗುತ್ತದೆ. ರಾಜನ ಕತೆಯಲ್ಲಿ ಹೇಳಿದವರು ಯಾರು, ಎಲ್ಲಿ, ಯಾಕೆ ಹೇಳಿದರು ಎಂಬುದೆಲ್ಲ ಇದೆ. ಆದ್ದರಿಂದ ಅದನ್ನು ಇಂದಿಗೂ ಪ್ರಶ್ನಿಸಬಹುದು, ಪರೀಕ್ಷಿಸಬಹುದು. ಮೋರಿಗಳ ಕತೆ ಕಲ್ಲಿನ ಅಳತೆಯ ನಡುವೆ ಸೇರಿದ ಚಿಕ್ಕ ಟಿಪ್ಪಣಿ. ಅದನ್ನು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದವರ ದನಿ ಅಲ್ಲಿ ಕೇಳುವುದಿಲ್ಲ.

ಆಮೇಲೆ ಬಂದ ಸಂಗ್ರಾಹಕರ ಒಲವು ಬೇರೆಡೆಗಿತ್ತು. ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಕನ್ನಡದ ಲಾವಣಿಗಳನ್ನು ಸಂಗ್ರಹಿಸಿದರು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದರು. 1950ರ ದಶಕದಿಂದ ಕನ್ನಡ ಕತೆಗಳನ್ನು ಕೂಡಿಹಾಕಿದ ಎ.ಕೆ. ರಾಮಾನುಜನ್ ಅವರ ಸಂಕಲನ ಅವರು ತೀರಿಕೊಂಡ ಮೇಲೆ, 1997ರಲ್ಲಿ ಪ್ರಕಟವಾಯಿತು. ಹಾಡಿಗೆ ಲಯವಿದೆ, ಕತೆಗೆ ಆದಿ ಅಂತ್ಯಗಳಿವೆ. ದೆವ್ವದ ಐತಿಹ್ಯ ಮಾತಿನ ನಡುವೆ ತುಣುಕಾಗಿ ಬಂದು ಹೋಗುತ್ತದೆ. ಅದನ್ನು ಹಿಡಿಯುವುದು ಕಷ್ಟ. ಸಾಲದ್ದಕ್ಕೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದ ಶಾಲೆ, ಕಚೇರಿಗಳಲ್ಲಿ ಉರ್ದುವಿಗೇ ಪ್ರಾಧಾನ್ಯವಿತ್ತು. ಗುಲ್ಬರ್ಗ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1980ರಲ್ಲಿ.

ಕಷ್ಟವೆಂದ ಮಾತ್ರಕ್ಕೆ ಅಸಾಧ್ಯವಲ್ಲ. ಟೇಲರ್ ಸುರಪುರದ ಕಲ್ಗೋರಿಗಳ ಬಗ್ಗೆ ಮುಂದೆ ರಾಯಲ್ ಐರಿಷ್ ಅಕಾಡೆಮಿಯಲ್ಲೂ ಪ್ರಬಂಧ ಮಂಡಿಸಿದ್ದ. ಅದೇ ಐರ್ಲೆಂಡಿನಲ್ಲಿ 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಮನೆಯ ಹಿರಿಯರಿಂದ ಕೇಳಿದ್ದನ್ನು ನೋಟ್‌ಪುಸ್ತಕಗಳಲ್ಲಿ ಬರೆದು ತಂದರು. ಪ್ರೇತ, ಯಕ್ಷಿಣಿ, ಹೂತಿಟ್ಟ ನಿಧಿ ಎಲ್ಲವೂ ಅದರಲ್ಲಿ ಬಂದವು. ಆ ಸಂಗ್ರಹ ಸುಮಾರು 7,40,000 ಪುಟಗಳಷ್ಟಿದೆ. ಹೇಳಿದವರ ಹೆಸರು, ಊರುಗಳೂ ಅದರಲ್ಲಿ ಉಳಿದಿರುವುದೇ ಅದರ ಬೆಲೆ.

ಎಚ್ಚರದ ಮಾತು

ಯಾದಗಿರಿ ಸೀಮೆಯಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಒಂದು ಗೆರೆಯನ್ನು ಮರೆಯುವಂತಿಲ್ಲ. ಸತ್ತವರ ಕತೆ ಬೇರೆ, ಬದುಕಿರುವವರ ಮೇಲಿನ ಆರೋಪ ಬೇರೆ. ಹಳೆಯ ಗುಲ್ಬರ್ಗ ಜಿಲ್ಲೆಯಲ್ಲಿ ಬಾನಾಮತಿಯ ಭಯ ಬಹುಕಾಲದ್ದು. ಬಾನಾಮತಿ ಮಾಡಿಸಿದವರು ಇಂಥವರೇ ಎಂದು ಬೊಟ್ಟು ಮಾಡಿದಾಗ ಏಟು ತಿನ್ನುವುದು ದೆವ್ವವಲ್ಲ, ಮನುಷ್ಯರು. ಅಮಾನವೀಯ ಪದ್ಧತಿಗಳು ಹಾಗೂ ವಾಮಾಚಾರದ ವಿರುದ್ಧ ರಾಜ್ಯ 2017ರಲ್ಲಿ ರೂಪಿಸಿದ ಕಾಯ್ದೆಯಲ್ಲಿ, ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಅಪರಾಧ. ಆದ್ದರಿಂದ ಸಂಗ್ರಾಹಕ ಕತೆ ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಬೇಕು. ಆರೋಪಕ್ಕೆ ಗುರಿಯಾದವರ ಹೆಸರನ್ನು ಬಿಡಬೇಕು.

ಹಾಗೆಂದು ಎಲ್ಲವನ್ನೂ ಮೂಢನಂಬಿಕೆಯೆಂದು ಗುಡಿಸಿಹಾಕುವುದೂ ಸಲ್ಲದು. 'ಆ ಕಲ್ಲಿನ ಹತ್ತಿರ ಹೋಗಬೇಡ' ಎಂಬ ಅಜ್ಜಿಯ ಮಾತಿಗೆ ಮಗು ಹೆದರುತ್ತದೆ; ಜೊತೆಗೆ ಆ ಕಲ್ಲನ್ನು ಜೀವಮಾನವಿಡೀ ಗುರುತಿಟ್ಟುಕೊಳ್ಳುತ್ತದೆ. ಹೊಲ ಹಸನು ಮಾಡುವ ಯಂತ್ರಕ್ಕೂ ಕಲ್ಲು ಒಡೆಯುವ ಗುತ್ತಿಗೆದಾರನಿಗೂ ಅಂಥ ಗುರುತಿಲ್ಲ. ಪುರಾತತ್ವ ಇಲಾಖೆಯ ಫಲಕ ಕೆಲವೇ ತಾಣಗಳಲ್ಲಿದೆ. ಉಳಿದ ಬಯಲಲ್ಲಿ ಯಾವ ಕಲ್ಲು ಗೋರಿ, ಯಾವುದು ಬರಿಯ ಬಂಡೆ ಎಂದು ಹೇಳಬಲ್ಲವರು ಅಲ್ಲಿನ ಮುದುಕ ಮುದುಕಿಯರು. ಅವರು ಹೇಳುವುದು ದೆವ್ವದ ಕತೆಯ ರೂಪದಲ್ಲಿ ಇರಬಹುದು. ಅದನ್ನು ಕಲ್ಲಿನ ಮುಂದೆಯೇ ನಿಂತು, ಅವರ ಮಾತಿನಲ್ಲೇ ಬರೆದುಕೊಳ್ಳುವುದು ಆಗಬೇಕಾದ ಕೆಲಸ.